ಒಂದೇ ಕಥೆ, ಹಲವು ಮುಖಪುಟ: ಹದಿಹರೆಯದವರ ಇಂಗ್ಲಿಷ್ ಕಾದಂಬರಿ ಕೊಳ್ಳುವ ಕಲಬುರಗಿಯವರಿಗೆ

ಹದಿಹರೆಯದವರಿಗೆಂದು ಬರೆದ ಇಂಗ್ಲಿಷ್ ಕಾದಂಬರಿಯೊಂದರ ಹೆಸರು ಹಾಕಿ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ಒಂದೇ ಪುಸ್ತಕಕ್ಕೆ ನಾಲ್ಕೈದು ಮುಖಪುಟ ಎದುರಾಗುತ್ತವೆ. ಒಂದರ ಮೇಲೆ ಕೈಯಲ್ಲಿ ಬರೆದ ಚಿತ್ರ, ಇನ್ನೊಂದರ ಮೇಲೆ ಸಿನಿಮಾ ನಟಿ, ಮತ್ತೊಂದರ ಮೇಲೆ ಕಪ್ಪು ಬಣ್ಣ ಬಿಟ್ಟರೆ ಹೆಚ್ಚೇನೂ ಇಲ್ಲ. ಬೆಲೆಯಲ್ಲೂ ವ್ಯತ್ಯಾಸ. ಒಳಗಿನ ಕಥೆ ಒಂದೇ ತಾನೇ ಎಂದು ಕಡಿಮೆ ಬೆಲೆಯದ್ದನ್ನು ಒತ್ತಿ ಮುಗಿಸುವವರೇ ಹೆಚ್ಚು.

ನಮ್ಮ ಬಡಾವಣೆಯ ಮಕ್ಕಳ ಓದುಮನೆಗೆ ಪುಸ್ತಕ ಆರಿಸುವ ಕೆಲಸ ನನ್ನ ಕೊರಳಿಗೆ ಬಿದ್ದ ಮೇಲೆ ಆ ಲೆಕ್ಕ ನನಗೆ ಒಪ್ಪಿಗೆಯಾಗಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳಿಗೆ 300 ಪುಟದ ಇಂಗ್ಲಿಷ್ ಪುಸ್ತಕ ಮೊದಲ ನೋಟಕ್ಕೇ ದಿಗಿಲು ಹುಟ್ಟಿಸುತ್ತದೆ. ಒಳಗಿನ ಒಂದು ವಾಕ್ಯವನ್ನೂ ಓದದೆ ಅವರು ಅದನ್ನು ಎತ್ತಿಕೊಳ್ಳುತ್ತಾರೆ, ಇಲ್ಲವೇ ಬಿಟ್ಟು ಮುಂದೆ ಹೋಗುತ್ತಾರೆ. ಆ ಕ್ಷಣದಲ್ಲಿ ಅವರ ಕಣ್ಣಮುಂದೆ ಇರುವುದು ಮುಖಪುಟ ಮಾತ್ರ. ಅದನ್ನು ಬರೆಸಿದವರು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತು ಅಲ್ಲಿನ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಸಿರುತ್ತಾರೆ. ಇಲ್ಲಿನ ಹುಡುಗನಿಗೆ ಅದರಲ್ಲಿ ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದೇ ನನ್ನ ಅಳತೆ.

ಒಂದೇ ಪುಸ್ತಕಕ್ಕೆ ಇಷ್ಟೊಂದು ಮುಖ ಯಾಕೆ

ಪ್ರಕಟಣೆಯ ಹಕ್ಕು ದೇಶವಾರು ಮಾರಾಟವಾಗುತ್ತದೆ. ಅಮೆರಿಕಕ್ಕೆ ಒಬ್ಬ ಪ್ರಕಾಶಕ, ಬ್ರಿಟನ್ನಿಗೆ ಇನ್ನೊಬ್ಬ, ಫ್ರೆಂಚ್ ಜರ್ಮನ್ ಅನುವಾದಗಳಿಗೆ ಮತ್ತೊಬ್ಬರು. ಪ್ರತಿಯೊಬ್ಬರೂ ತಮ್ಮ ಊರಿನ ಅಂಗಡಿಗೆ ತಕ್ಕಂತೆ ಮುಖಪುಟ ಮಾಡಿಸುತ್ತಾರೆ. ಭಾರತ ಸಾಮಾನ್ಯವಾಗಿ ಬ್ರಿಟನ್ ಮತ್ತು ಕಾಮನ್‌ವೆಲ್ತ್ ಪಾಲಿಗೆ ಬೀಳುವುದರಿಂದ ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಬ್ರಿಟಿಷ್ ಮುಖಪುಟ, ಎಷ್ಟೋ ಸಲ ಇಲ್ಲೇ ಅಚ್ಚಾಗಿ. ಅಮೆರಿಕದ ಪ್ರತಿಗಳು ಆಮದಾಗಿ ದುಬಾರಿ ಬೆಲೆಗೆ ಬರುತ್ತವೆ, ಇಲ್ಲವೇ ಹಳೆಯ ಪುಸ್ತಕದ ರಾಶಿಯಲ್ಲಿ ಸಿಗುತ್ತವೆ.

ಒಮ್ಮೊಮ್ಮೆ ಹೆಸರೂ ಬೇರೆಯಾಗುತ್ತದೆ. ಫಿಲಿಪ್ ಪುಲ್‌ಮನ್ ಅವರ ಕಾದಂಬರಿ ಬ್ರಿಟನ್ನಿನಲ್ಲಿ 1995ರಲ್ಲಿ ‘ನಾರ್ದರ್ನ್ ಲೈಟ್ಸ್’ ಎಂದು ಬಂತು. ಮರುವರ್ಷ ಅಮೆರಿಕದಲ್ಲಿ ‘ದಿ ಗೋಲ್ಡನ್ ಕಂಪಾಸ್’ ಆಯಿತು. ಹೆಸರು ಬೇರೆ, ಚಿತ್ರ ಬೇರೆ ಅಂದಮೇಲೆ ಎರಡು ಭಾಗ ಅಂದುಕೊಂಡು ಎರಡನ್ನೂ ಕೊಳ್ಳುವವರಿದ್ದಾರೆ. ಕೊಳ್ಳಬೇಡಿ.

ರೈಲೋ, ಪೊರಕೆಯೋ

ಮುಖಪುಟಗಳನ್ನು ಪಕ್ಕ ಪಕ್ಕ ಇಟ್ಟು ನೋಡಲು ‘ಹ್ಯಾರಿ ಪಾಟರ್’ ಮೊದಲ ಪುಸ್ತಕದಷ್ಟು ಒಳ್ಳೆಯ ಉದಾಹರಣೆ ಇಲ್ಲ. 1997ರಲ್ಲಿ ಬ್ಲೂಮ್ಸ್‌ಬರಿ ತಂದ ಬ್ರಿಟಿಷ್ ಆವೃತ್ತಿಗೆ ಚಿತ್ರ ಬರೆದವರು ಥಾಮಸ್ ಟೇಲರ್. ಆಗಷ್ಟೇ ಕಲಾಶಾಲೆ ಮುಗಿಸಿ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ ಅವರಿಗೆ ಅದು ಮೊದಲ ಕೆಲಸ. ಕೆಂಪು ಉಗಿಬಂಡಿ, ಎದುರಿಗೆ ಕನ್ನಡಕ ಹಾಕಿ ಕಕ್ಕಾಬಿಕ್ಕಿಯಾಗಿ ನಿಂತ ಹುಡುಗ. ಮ್ಯಾಜಿಕ್ಕಿನ ಸುಳಿವು ಅಷ್ಟಕ್ಕಷ್ಟೆ. ಮರುವರ್ಷ ಅಮೆರಿಕದಲ್ಲಿ ಸ್ಕೊಲಾಸ್ಟಿಕ್ ತಂದ ಆವೃತ್ತಿಗೆ ಮೇರಿ ಗ್ರಾಂಪ್ರೇ ಬರೆದದ್ದು ಪೊರಕೆಯ ಮೇಲೆ ಹಾರುತ್ತ ಚಿನ್ನದ ಚೆಂಡಿಗೆ ಕೈ ಚಾಚಿದ ಹುಡುಗನನ್ನು. ಹಿಂದೆ ಕಂಬಗಳು, ಕೋಟೆ, ಒಂದು ಯೂನಿಕಾರ್ನ್. ‘ಪಿ’ ಅಕ್ಷರದ ಬಾಲ ಮಿಂಚಾಗಿ ಇಳಿಯುವ ಅಕ್ಷರವಿನ್ಯಾಸ ಹುಟ್ಟಿದ್ದೂ ಅಲ್ಲೇ. ಅದೇ ಮುಂದೆ ಸಿನಿಮಾಗಳ ಗುರುತಾಯಿತು.

ಚಿತ್ರಕಲೆಯ ದೃಷ್ಟಿಯಿಂದ ಅಮೆರಿಕದ್ದೇ ಚೆಂದ ಎನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಬಣ್ಣ ಮೃದು, ಕಣ್ಣು ಓಡಾಡಲು ಜಾಗ ಬೇಕಾದಷ್ಟು. ಆದರೆ ಓದುಮನೆಯಲ್ಲಿ ಎರಡನ್ನೂ ಮೇಜಿನ ಮೇಲಿಟ್ಟರೆ ಇಲ್ಲಿನ ಮಕ್ಕಳ ಕೈ ಹೋಗುವುದು ರೈಲಿನ ಕಡೆಗೆ. “ಕಾಕಾ, ಇದರಾಗ ಟ್ರೇನ್ ಅದ ನೋಡ್ರಿ, ಇವ ಎಲ್ಲಿಗಿ ಹೊಂಟಾನ?” ಎಂದು ಕೇಳಿದ ಹುಡುಗನ ತಂದೆ ವಾಡಿ ಜಂಕ್ಷನ್‌ನಲ್ಲಿ ಕೆಲಸ ಮಾಡುವವರು. ಬ್ರಿಟನ್ನಿನ ಓದುಗನಿಗೆ ಉಗಿಬಂಡಿ ಅಂದರೆ ಹಳೆಯ ಕಾಲದ ವಸತಿಶಾಲೆಯ ನೆನಪು. ಮುಂಬೈ–ಚೆನ್ನೈ ಮಾರ್ಗದ ಪಕ್ಕದಲ್ಲಿ ಬೆಳೆದ ನಮ್ಮ ಹುಡುಗರಿಗೆ ಅದು ಊರು ಬಿಟ್ಟು ಹೋಗುವ ಸುದ್ದಿ. ಅರ್ಥ ಬೇರೆ, ಆದರೂ ಚಿತ್ರ ದಾಟುತ್ತದೆ. ಪೊರಕೆಯ ಮೇಲೆ ಹಾರುವವನನ್ನು ಕಂಡು ನಕ್ಕು ಮುಂದೆ ಹೋದವರೂ ಇದ್ದಾರೆ: ಪೊರಕೆ ನಮ್ಮ ಮನೆಗಳಲ್ಲಿ ಎತ್ತರಕ್ಕೆ ಏರುವ ವಸ್ತುವೇ ಅಲ್ಲ.

ಬ್ರಿಟಿಷ್ ಪ್ರತಿಯ ಪರವಾಗಿ ಇನ್ನೊಂದು ಮಾತು. ಅಮೆರಿಕದ ಆವೃತ್ತಿಯಲ್ಲಿ ಕಾಗುಣಿತ ಅಮೆರಿಕದ್ದು, ಅಲ್ಲಲ್ಲಿ ಪದಗಳನ್ನೂ ಬದಲಿಸಿದ್ದಾರೆ. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ಕಾಗುಣಿತ. ಇಂಗ್ಲಿಷಿನಲ್ಲಿ ಇನ್ನೂ ಕಾಲೂರುತ್ತಿರುವ ಎಂಟನೇ ತರಗತಿಯ ಹುಡುಗಿ ಕಾದಂಬರಿಯಲ್ಲಿ ಕಂಡಂತೆ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕಳೆದುಕೊಂಡರೆ ಪುಸ್ತಕದ ಮೇಲೇ ಸಿಟ್ಟು ಬರುತ್ತದೆ.

ಈಗ ಹೊಸದಾಗಿ ಕೊಳ್ಳಲು ಹೋದರೆ ಬ್ರಿಟಿಷ್ ಆವೃತ್ತಿಯಲ್ಲೇ ಹಲವು ವೇಷಗಳಿವೆ. 2014ರಲ್ಲಿ ಬಂದ ಜಾನಿ ಡಡಲ್ ಅವರ ಮುಖಪುಟಗಳು ಅನಿಮೇಷನ್ ಸಿನಿಮಾದ ಒಂದು ಚೌಕಟ್ಟು ನಿಲ್ಲಿಸಿದ ಹಾಗೆ. ಗಾಢ ಬಣ್ಣ, ನಡೆಯುತ್ತಿರುವ ಘಟನೆ. ಹನ್ನೊಂದು ಹನ್ನೆರಡರ ಮಕ್ಕಳಿಗೆ ನನ್ನ ಆಯ್ಕೆ ಇದು. ಜಿಮ್ ಕೇ ಚಿತ್ರಗಳ ದೊಡ್ಡ ಆವೃತ್ತಿ 2015ರಿಂದ ಬರತೊಡಗಿತು. ಅದರ ಚಿತ್ರ ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ, ಆದರೆ ಶಾಲೆಯ ಬ್ಯಾಗಿನಲ್ಲಿ ಹಿಡಿಯುವುದಿಲ್ಲ, ಮನೆಗೆ ಎರವಲು ಕೊಡಲು ಎದೆ ಬೇಕು. ಉಡುಗೊರೆಗೆ ಸರಿ. ಅಮೆರಿಕದಲ್ಲಿ 2013ರಲ್ಲಿ ಕಾಜು ಕಿಬುಯಿಶಿ ಮಾಡಿದ ಏಳರ ಪೆಟ್ಟಿಗೆಯಲ್ಲಿ ಪುಸ್ತಕಗಳ ಬೆನ್ನುಗಳನ್ನು ಸಾಲಾಗಿ ನಿಲ್ಲಿಸಿದರೆ ಕೋಟೆಯ ಚಿತ್ರ ಕೂಡಿಕೊಳ್ಳುತ್ತದೆ. ಮನೆಯ ಕಪಾಟಿಗೆ ಸೊಗಸು. ಗ್ರಂಥಾಲಯಕ್ಕೆ ಮಾತ್ರ ಬೇಡ: ನಾಲ್ಕನೆಯದು ಯಾರದೋ ಮನೆಯಲ್ಲಿದ್ದರೆ ಕೋಟೆಯ ಗೋಡೆಯಲ್ಲಿ ಕಿಂಡಿ.

ಹಳೆಯ ಪುಸ್ತಕ ಮಾರುವವರು ರೈಲಿನ ಮುಖಪುಟ ತೋರಿಸಿ “ಮೊದಲ ಆವೃತ್ತಿ” ಎಂದು ಬೆಲೆ ಏರಿಸಿದರೆ ನಗುತ್ತ ಮುಂದೆ ಹೋಗಿ. ಮೊದಲ ಸಲ ಗಟ್ಟಿರಟ್ಟಿನಲ್ಲಿ ಅಚ್ಚಾದದ್ದು 500 ಪ್ರತಿ ಮಾತ್ರ. ಅದೇ ಚಿತ್ರದ ಮರುಮುದ್ರಣಗಳು ಲೆಕ್ಕವಿಲ್ಲದಷ್ಟು, 25 ವರ್ಷ ತುಂಬಿದಾಗ 2022ರಲ್ಲಿ ಮತ್ತೆ ತಂದರು. ಹಕ್ಕುಪುಟದಲ್ಲಿ 1997 ಎಂದಿದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಮರುಮುದ್ರಣವಾದಂತೆ ಕೆಳಗಿರುವ ಅಂಕಿಗಳ ಸಾಲಿನಿಂದ ಸಣ್ಣ ಅಂಕಿಗಳನ್ನು ತೆಗೆಯುತ್ತ ಹೋಗುತ್ತಾರೆ, ಅದರಲ್ಲಿ 1 ಉಳಿದಿದೆಯೇ ನೋಡಬೇಕು.

ಕಪ್ಪಿನ ಮೇಲೆ ಒಂದೇ ವಸ್ತು

‘ಟ್ವೈಲೈಟ್’ 2005ರಲ್ಲಿ ಬಂದಾಗ ಅದರ ಮುಖಪುಟದಲ್ಲಿ ಇದ್ದದ್ದು ಕಪ್ಪು ಹಿನ್ನೆಲೆ, ಎರಡು ಬಿಳಿ ಕೈ, ಒಂದು ಕೆಂಪು ಸೇಬು. ಮುಂದಿನವುಗಳಲ್ಲಿ ಹೂವು, ಹರಿದು ತುಂಡಾಗುತ್ತಿರುವ ರಿಬ್ಬನ್ನು, ಚದುರಂಗದ ಕಾಯಿಗಳು. ಮೂರು ವರ್ಷದ ಮೇಲೆ ಬಂದ ‘ದಿ ಹಂಗರ್ ಗೇಮ್ಸ್’ ಅಮೆರಿಕದ ಆವೃತ್ತಿಗೂ ಕಪ್ಪೇ, ಮೇಲೆ ಟಿಮ್ ಓಬ್ರಿಯನ್ ಬರೆದ ಚಿನ್ನದ ಹಕ್ಕಿಯ ಪಿನ್ನು. ಬೀದರಿನ ಬಿದ್ರಿ ಹೂಜಿಯ ಹಾಗೆ ಕಪ್ಪೇ ಇಲ್ಲಿ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಆ ಒಂದು ಹೊಳಪಿನದು. ಮೂರು ಭಾಗಗಳನ್ನು ಒಟ್ಟಿಗೆ ಇಟ್ಟರೆ ವಿನ್ಯಾಸಕರ ಜಾಣತನ ಕಾಣುತ್ತದೆ: ಮೊದಲನೆಯದರಲ್ಲಿ ಹಕ್ಕಿ ಬಳೆಯೊಳಗೆ ಸಿಕ್ಕಿಕೊಂಡಿದೆ, ಮೂರನೆಯದರಲ್ಲಿ ಬಳೆ ಒಡೆದು ರೆಕ್ಕೆ ಪೂರ್ತಿ ಬಿಚ್ಚಿದೆ. ಬಣ್ಣವೂ ಕಪ್ಪಿನಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ. ಕಥೆಯ ಕೊನೆಯನ್ನು ಮುಖಪುಟವೇ ಹೇಳಿಬಿಟ್ಟಿದೆ, ಓದದವರಿಗೆ ಗೊತ್ತಾಗದಂತೆ.

ಜರ್ಮನ್ ಅನುವಾದದಲ್ಲಿ ಹಕ್ಕಿ ಇರಲಿಲ್ಲ. ಎಲೆಗಳ ನಡುವಿನಿಂದ ನೋಡುವ ಹುಡುಗಿಯ ಮುಖ ಇತ್ತು. ಆ ಕಣ್ಣುಗಳು ಚೆನ್ನಾಗಿಯೇ ಇವೆ. ಆದರೆ ಹಾಗೆ ನೋಡಿದ ತಕ್ಷಣ ಇದು ಒಬ್ಬಳು ಹುಡುಗಿಯ ಕಥೆ ಎಂದು ನಿಶ್ಚಯವಾಗಿಬಿಡುತ್ತದೆ. ಹದಿನಾಲ್ಕರ ಹುಡುಗರು, ಅದರಲ್ಲೂ ಗೆಳೆಯರ ಎದುರಿಗೆ, ಹುಡುಗಿಯ ಮುಖದ ಪುಸ್ತಕ ಹಿಡಿದು ಕೂರುವುದಿಲ್ಲ. ಸರಿಯೋ ತಪ್ಪೋ, ನಮ್ಮ ಊರಲ್ಲಂತೂ ಹಾಗೇ. ಹಕ್ಕಿಯ ಪಿನ್ನು ಇರುವ ಪ್ರತಿಯನ್ನು ಹುಡುಗರೂ ಹುಡುಗಿಯರೂ ಒಂದೇ ಸಮ ಒಯ್ಯುತ್ತಾರೆ. ಮಿಶ್ರ ಗುಂಪಿಗೆ ಕೊಳ್ಳುವವರು ವಸ್ತುಚಿತ್ರದ ಮುಖಪುಟವನ್ನೇ ಆರಿಸಿ.

ಅದೇ ಜಾತಿಯದು ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಮುಖಪುಟ, 2012ರದು: ನೀಲಿಯ ಮೇಲೆ ಒಂದು ಕರಿಮೋಡ, ಒಂದು ಬಿಳಿಮೋಡ. ರೋಡ್ರಿಗೊ ಕೊರಾಲ್ ಮಾಡಿದ್ದು. ಕ್ಯಾನ್ಸರ್ ಬಂದ ಇಬ್ಬರು ಎಳೆಯರ ಕಥೆಗೆ ಆಸ್ಪತ್ರೆಯನ್ನಾಗಲಿ ಕಣ್ಣೀರನ್ನಾಗಲಿ ತೋರಿಸದೆ ದಾಟಿದ್ದು ದೊಡ್ಡ ಸಂಯಮ. ಇದಕ್ಕಿಂತ ಬೇರೆ ಮುಖಪುಟ ಹುಡುಕುವ ಅಗತ್ಯ ನನಗೆ ಕಂಡಿಲ್ಲ.

ಕಪ್ಪು ಮುಖಪುಟಕ್ಕೆ ಒಂದೇ ತೊಂದರೆ, ಅದು ನಮ್ಮ ಊರಿನ ಧೂಳು. ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಇದ್ದರೆ ಬೆರಳಿನ ಗುರುತು ಅಚ್ಚೊತ್ತಿದಂತೆ ಕಾಣುತ್ತದೆ, ಅಂಚಿನಲ್ಲಿ ಬಣ್ಣ ಬಿಟ್ಟು ಬಿಳಿ ಇಣುಕುತ್ತದೆ. ಕೈ ಬದಲಾಯಿಸುವ ಪ್ರತಿಯಾದರೆ ಹೊಳಪಿನ ಲ್ಯಾಮಿನೇಷನ್ನಿನದು ತೊಗೊಳ್ಳಿ.

ಮುಖ ಇರುವ ಮುಖಪುಟ

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. 2009ರಲ್ಲಿ ಜಸ್ಟಿನ್ ಲಾರ್ಬಲೆಸ್ಟಿಯರ್ ಅವರ ‘ಲಯರ್’ ಕಾದಂಬರಿಗೆ ಅಮೆರಿಕದಲ್ಲಿ ಸಿದ್ಧವಾದ ಮುಖಪುಟದಲ್ಲಿ ನೀಳ ನೇರ ಕೂದಲಿನ ಬಿಳಿಯ ಹುಡುಗಿ ಇದ್ದಳು. ಕಥೆಯ ನಾಯಕಿ ಕಪ್ಪು ವರ್ಣದವಳು, ಗಿಡ್ಡ ಕೂದಲಿನವಳು. ಲೇಖಕಿಯೇ ಬಹಿರಂಗವಾಗಿ ಆಕ್ಷೇಪಿಸಿದರು, ಓದುಗರು ದನಿಗೂಡಿಸಿದರು, ಪುಸ್ತಕ ಅಂಗಡಿಗೆ ಬರುವ ಮೊದಲೇ ಪ್ರಕಾಶಕರು ಮುಖಪುಟ ಬದಲಿಸಿದರು. ಅದೇ ಪುಸ್ತಕದ ಆಸ್ಟ್ರೇಲಿಯಾದ ಆವೃತ್ತಿಯಲ್ಲಿ ಮುಖವೇ ಇರಲಿಲ್ಲ, ಇದ್ದದ್ದು ಅಕ್ಷರ ಮಾತ್ರ. ಕಥೆ ಹೇಳುವವಳೇ ಸುಳ್ಳಿ ಎಂದಮೇಲೆ ಅವಳ ಮುಖ ತೋರಿಸದಿರುವುದೇ ನನ್ನ ಪ್ರಕಾರ ಹೆಚ್ಚು ಸರಿ.

ಬಿಳಿ ಮುಖ ಹಾಕಿದರೆ ಹೆಚ್ಚು ಮಾರಾಟವಾಗುತ್ತದೆ ಎಂಬ ನಂಬಿಕೆ ಅಲ್ಲಿನದು ಮಾತ್ರ ಎಂದು ತಿಳಿಯಬೇಕಾಗಿಲ್ಲ. ನಮ್ಮ ಸೀರೆ ಅಂಗಡಿಯ ಬೋರ್ಡು, ಕೋಚಿಂಗ್ ಸೆಂಟರಿನ ಫ್ಲೆಕ್ಸು ನೋಡಿದರೆ ಸಾಕು. ಹಾಗಾಗಿ ನಾಯಕ ನಾಯಕಿಯರು ಕಪ್ಪು ಅಥವಾ ಕಂದು ಬಣ್ಣದವರಾಗಿದ್ದಲ್ಲಿ ಮುಖಪುಟ ಅದನ್ನು ಮುಚ್ಚಿಟ್ಟಿದೆಯೇ ಎಂದು ನಾನು ನೋಡುತ್ತೇನೆ. ‘ದಿ ಹೇಟ್ ಯು ಗಿವ್’ ಅಮೆರಿಕದ ಆವೃತ್ತಿ, 2017ರದು, ಇದಕ್ಕೆ ಒಳ್ಳೆಯ ಉತ್ತರ: ಡೆಬ್ರಾ ಕಾರ್ಟ್‌ರೈಟ್ ಬರೆದ ಕಪ್ಪು ಹುಡುಗಿ, ಕೈಯಲ್ಲಿ ಎತ್ತಿಹಿಡಿದ ಫಲಕ, ಆ ಫಲಕದ ಮೇಲೇ ಪುಸ್ತಕದ ಹೆಸರು. ಮುಖ ಬೇಕೇ ಬೇಕು ಎಂದಾದರೆ ಹೀಗೆ ಇರಬೇಕು. ಮೆರವಣಿಗೆಯಲ್ಲಿ ಫಲಕ ಹಿಡಿಯುವುದು ನಮ್ಮ ಮಕ್ಕಳಿಗೆ ಗೊತ್ತಿರುವ ಸಂಗತಿ, ಜಗತ್ ವೃತ್ತದಲ್ಲಿ ನೋಡುತ್ತಲೇ ಇರುತ್ತಾರೆ.

ಇನ್ನೊಂದು ಉಪಾಯ ಬೆನ್ನು ತೋರಿಸುವುದು. ‘ಪರ್ಸಿ ಜಾಕ್ಸನ್’ ಮೊದಲ ಪುಸ್ತಕದ ಅಮೆರಿಕದ ಆವೃತ್ತಿಗೆ ಜಾನ್ ರೊಕೊ ಬರೆದ ಚಿತ್ರದಲ್ಲಿ ಹುಡುಗ ನೀರಿನಲ್ಲಿ ನಿಂತು ಬಿರುಗಾಳಿಗೆ ಸಿಕ್ಕ ನ್ಯೂಯಾರ್ಕನ್ನು ನೋಡುತ್ತಿದ್ದಾನೆ. ನಮಗೆ ಕಾಣುವುದು ಅವನ ಬೆನ್ನು. ಓದುವವನು ಅವನ ಹಿಂದೆ ಹೋಗಿ ನಿಂತುಕೊಳ್ಳಬಹುದು. ಈ ಸರಣಿಯ ಮಟ್ಟಿಗೆ ನಾನು ಬ್ರಿಟಿಷ್ ನಿಯಮ ಮುರಿದು ಅಮೆರಿಕದ್ದನ್ನೇ ಹುಡುಕಿ ತರುತ್ತೇನೆ, ಕಾಗುಣಿತ ಏನಾದರೂ ಆಗಲಿ.

ಇನ್ನು ಸಿನಿಮಾ ಮುಖಪುಟ. ಚಿತ್ರ ಬಿಡುಗಡೆಯಾದ ವರ್ಷ ಪೋಸ್ಟರನ್ನೇ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದಂತಿರುವ ಪ್ರತಿಗಳು. ಸಿನಿಮಾ ಪೋಸ್ಟರ್ ಅಂದರೆ ಕೀಳು ಎಂದು ಕಲಬುರಗಿಯವರು ಹೇಳುವ ಹಾಗಿಲ್ಲ. 1916ರಲ್ಲಿ ಇಲ್ಲೇ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಹಾಲಿವುಡ್ ಚಿತ್ರಗಳ ಜಾಹೀರಾತು ಫಲಕ, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ, ಮನೆಮನೆಯ ಕ್ಯಾಲೆಂಡರ್ ಬರೆದು ಹೆಸರಾದವರು. ಅವರ ಹೆಸರಿನ ರಂಗಮಂದಿರದಲ್ಲೇ ನಾವು ನಾಟಕ ನೋಡುವುದು. ಅವರು ನಟಿಯ ಮುಖ ಬರೆದರೂ ಅದರಲ್ಲಿ ಅವರ ಕುಂಚ ಇರುತ್ತಿತ್ತು. ಈಗಿನ ಸಿನಿಮಾ ಮುಖಪುಟದಲ್ಲಿ ಕುಂಚವೂ ಇಲ್ಲ, ವಿನ್ಯಾಸವೂ ಇಲ್ಲ. ಜೊತೆಗೆ “ಈಗ ಚಲನಚಿತ್ರವಾಗಿ” ಎಂಬ ಒಂದು ದುಂಡು ಮುದ್ರೆ, ಅದನ್ನು ಉಜ್ಜಿ ತೆಗೆಯಲೂ ಬರುವುದಿಲ್ಲ, ಯಾಕೆಂದರೆ ಅಚ್ಚೇ ಆಗಿರುತ್ತದೆ. ಮೋಡದ ಮುಖಪುಟದ ಜಾಗಕ್ಕೆ 2014ರಲ್ಲಿ ಹುಲ್ಲಿನ ಮೇಲೆ ಮಲಗಿದ ನಟ ನಟಿಯರು ಬಂದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಾನು ಹೇಳುವುದು ಅರ್ಥವಾಗುತ್ತದೆ.

ಆದರೂ ಒಬ್ಬರಿಗೆ ಇದು ಬೇಕು: ಪುಸ್ತಕ ಮುಟ್ಟದ, ಆದರೆ ಸಿನಿಮಾವನ್ನು ಮೊಬೈಲಿನಲ್ಲಿ ಮೂರು ಸಲ ನೋಡಿದ ಹುಡುಗನಿಗೆ. ಅವನಿಗೆ ಪರಿಚಿತ ಮುಖ ಕಂಡರೆ ಧೈರ್ಯ. ಓದುಮನೆಯಲ್ಲಿ ಅಂಥ ಒಂದೆರಡು ಪ್ರತಿ ಇಟ್ಟುಕೊಂಡಿದ್ದೇನೆ, ಹೆಮ್ಮೆಯಿಂದಲ್ಲ.

ಮಕ್ಕಳದ್ದೋ, ದೊಡ್ಡವರದ್ದೋ

ಬ್ರಿಟಿಷ್ ಪ್ರಕಾಶಕರಿಗೆ ಒಂದು ಅಭ್ಯಾಸವಿದೆ, ಒಂದೇ ಪಠ್ಯಕ್ಕೆ ಮಕ್ಕಳ ಮುಖಪುಟ ಒಂದು, ದೊಡ್ಡವರ ಮುಖಪುಟ ಒಂದು. ‘ಹ್ಯಾರಿ ಪಾಟರ್’ ಓದಲು ನಾಚುವ ಕಚೇರಿ ಮಂದಿಗಾಗಿ 1998ರಲ್ಲೇ ಕಪ್ಪುಬಿಳುಪು ಛಾಯಾಚಿತ್ರದ ಆವೃತ್ತಿ ಬಂದಿತ್ತು. 2013ರಲ್ಲಿ ಆಂಡ್ರ್ಯೂ ಡೇವಿಡ್‌ಸನ್ ಅವರ ಮರಗೆತ್ತನೆಯ ಚಿತ್ರಗಳದ್ದು ಬಂತು. ಸದ್ಯ ಇರುವುದರಲ್ಲಿ ನನ್ನ ಕಣ್ಣಿಗೆ ಅತ್ಯಂತ ಸುಂದರ ಅದು. 2003ರಲ್ಲಿ ಮಾರ್ಕ್ ಹ್ಯಾಡನ್ ಅವರ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್-ಟೈಮ್’ ಏಕಕಾಲಕ್ಕೆ ಎರಡು ಪ್ರಕಾಶನಗಳಿಂದ ಹೊರಬಿತ್ತು, ದೊಡ್ಡವರಿಗೊಂದು ಮಕ್ಕಳಿಗೊಂದು.

‘ದಿ ಬುಕ್ ಥೀಫ್’ ಕಥೆ ಇನ್ನೂ ಚೆನ್ನ. ಆಸ್ಟ್ರೇಲಿಯಾದಲ್ಲಿ 2005ರಲ್ಲಿ ದೊಡ್ಡವರ ಕಾದಂಬರಿಯಾಗಿ ಬಂದದ್ದು ಮರುವರ್ಷ ಅಮೆರಿಕದಲ್ಲಿ ಹದಿಹರೆಯದವರ ಸಾಲಿಗೆ ಸೇರಿತು. ಅಮೆರಿಕದ ಮುಖಪುಟದಲ್ಲಿ ಸಾಲಾಗಿ ನಿಲ್ಲಿಸಿದ ಡಾಮಿನೊ ಬಿಲ್ಲೆಗಳು, ಮೊದಲನೆಯದನ್ನು ಬೀಳಿಸಲು ಹೊರಟ ಒಂದು ಕೈ. ಬ್ರಿಟನ್ನಿನದರಲ್ಲಿ ಸಾವಿನ ಕೈಹಿಡಿದು ಕುಣಿಯುತ್ತಿರುವ ಪುಟ್ಟ ಹುಡುಗಿ. ಡಾಮಿನೊ ನಮ್ಮಲ್ಲಿ ಆಡುವವರು ಕಡಿಮೆ, “ಇವೇನ್ರಿ, ಬಿಸ್ಕೀಟೇನ್ರಿ?” ಎಂದು ಕೇಳಿಸಿಕೊಂಡಿದ್ದೇನೆ. ಸಾವಿನ ಜೊತೆ ಕುಣಿಯುವ ಹುಡುಗಿಗೆ ವಿವರಣೆ ಬೇಕಿಲ್ಲ. ಕಥೆ ಹೇಳುವುದೇ ಸಾವು ಆಗಿರುವುದರಿಂದ ಕಾದಂಬರಿಗೆ ಹತ್ತಿರದ ಚಿತ್ರವೂ ಅದೇ. ಇಲ್ಲಿ ಅನುಮಾನವಿಲ್ಲದೆ ಬ್ರಿಟಿಷ್ ಪ್ರತಿ.

ದೊಡ್ಡವರ ಮುಖಪುಟ ಯಾರಿಗೆ? ಡಿಗ್ರಿ ಓದುವ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗ ಹುಡುಗಿಯರಿಗೆ. ಇಂಗ್ಲಿಷ್ ಓದುವ ರೂಢಿ ತಡವಾಗಿ ಹಿಡಿದವರಿಗೆ ಸರಳ ಭಾಷೆಯ ಇಂಥ ಕಾದಂಬರಿಗಳೇ ಸರಿಯಾದ ಮೆಟ್ಟಿಲು. ಆದರೆ ಕಾರ್ಟೂನು ಮುಖಪುಟ ಹಿಡಿದು ಬಸ್ಸಿನಲ್ಲಿ ಕೂರಲು ಸಂಕೋಚ. ಅವರಿಗೆ ಮರಗೆತ್ತನೆಯ ಆವೃತ್ತಿ ಕೊಟ್ಟು ನೋಡಿ.

ಇಂಗ್ಲಿಷ್ ಅಲ್ಲದವು

ಇವು ಕೊಳ್ಳಲಿಕ್ಕಲ್ಲ, ನೋಡಲಿಕ್ಕೆ. ಚಿತ್ರಕಲೆ ಕಲಿಯುವ ಮಕ್ಕಳಿದ್ದರೆ ಮೊಬೈಲಿನಲ್ಲಿ ತೋರಿಸಿ. ಇಟಲಿಯ ಮೊದಲ ‘ಹ್ಯಾರಿ ಪಾಟರ್’ ಮುಖಪುಟದಲ್ಲಿ ಸೆರೆನಾ ರಿಲಿಯೆತ್ತಿ ಹುಡುಗನಿಗೆ ಇಲಿಯ ಮುಖದ ಟೋಪಿ ತೊಡಿಸಿದ್ದರು, ಕನ್ನಡಕ ಮರೆತೇ ಹೋಗಿತ್ತು. ಜರ್ಮನಿಯಲ್ಲಿ ಸಬೀನೆ ವಿಲ್‌ಹಾರ್ಮ್, ಫ್ರಾನ್ಸಿನಲ್ಲಿ ಜಾನ್-ಕ್ಲೋದ್ ಗೊಟಿಂಗ್, ಉಕ್ರೇನಿನಲ್ಲಿ ವ್ಲಾದಿಸ್ಲಾವ್ ಯೆರ್ಕೊ: ಒಬ್ಬನೇ ಹುಡುಗ, ಪ್ರತಿ ಕೈಯಲ್ಲೂ ಬೇರೆ ಹುಡುಗ. ಜಪಾನಿನಲ್ಲಿ ಅದೇ ಸರಣಿಯ ನಾಲ್ಕನೆಯ ಪುಸ್ತಕ ಎರಡು ಸಂಪುಟವಾಗಿ ಬಂತು. ಫ್ರೆಂಚ್ ಪುಸ್ತಕಗಳ ಬೆನ್ನಿನ ಮೇಲೆ ಹೆಸರು ಕೆಳಗಿನಿಂದ ಮೇಲಕ್ಕೆ ಓಡುತ್ತದೆ, ಇಂಗ್ಲಿಷಿನವು ಮೇಲಿನಿಂದ ಕೆಳಕ್ಕೆ. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟವರು ಕುತ್ತಿಗೆಯನ್ನು ಎರಡೂ ಕಡೆ ವಾಲಿಸಬೇಕು.

ಕೊಳ್ಳುವ ಹೊತ್ತಿನಲ್ಲಿ

ಆನ್‌ಲೈನ್ ಅಂಗಡಿಯಲ್ಲಿ ಕಾಣುವ ಚಿತ್ರವೇ ಮನೆಗೆ ಬರುತ್ತದೆಂಬ ಖಾತ್ರಿ ಇಲ್ಲ. ಪ್ರತಿ ಆವೃತ್ತಿಗೂ ಬೇರೆ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ಇರುತ್ತದೆ, 13 ಅಂಕಿಯದು. ನಿಮಗೆ ಬೇಕಾದ ಮುಖಪುಟದ ಐಎಸ್‌ಬಿಎನ್ ಯಾವುದೆಂದು ಪ್ರಕಾಶಕರ ಪುಟದಲ್ಲಿ ನೋಡಿ ಆ ಅಂಕಿಯನ್ನೇ ಹಾಕಿ ಹುಡುಕಿ. 978ರ ನಂತರ 0 ಅಥವಾ 1 ಬಂದರೆ ಇಂಗ್ಲಿಷ್ ವಲಯದ ಪುಸ್ತಕ, 81 ಅಥವಾ 93 ಬಂದರೆ ಭಾರತದ್ದು. ಬ್ರಿಟನ್ನೋ ಅಮೆರಿಕವೋ ಎಂಬುದು ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಹಿಂಬದಿಯ ಬಾರ್‌ಕೋಡ್ ನೋಡಿ: ಪಕ್ಕದಲ್ಲಿ ಐದು ಅಂಕಿಯ ಚಿಕ್ಕ ಕೋಡ್ ಇದ್ದು ಅದು 5ರಿಂದ ಶುರುವಾದರೆ ಡಾಲರ್ ಬೆಲೆ. 51299 ಎಂದಿದ್ದರೆ 12 ಡಾಲರ್ 99 ಸೆಂಟ್, ಅಂದರೆ ಅಮೆರಿಕದ ಪ್ರತಿ.

ಅಳತೆಯೂ ಮುಖ್ಯ. ಬ್ರಿಟಿಷ್ ಪೇಪರ್‌ಬ್ಯಾಕ್ ಸಾಮಾನ್ಯವಾಗಿ 129 ಮಿ.ಮೀ. ಅಗಲ, 198 ಮಿ.ಮೀ. ಎತ್ತರ. ಸರಣಿಯನ್ನು ಅರ್ಧ ಒಂದು ವಿನ್ಯಾಸದಲ್ಲಿ, ಅರ್ಧ ಇನ್ನೊಂದರಲ್ಲಿ ಕೊಂಡರೆ ಎತ್ತರ ಹೊಂದುವುದಿಲ್ಲ. ಪ್ರಕಾಶಕರು ನಡುವೆ ವಿನ್ಯಾಸ ಬದಲಿಸುವುದು ಮಾಮೂಲು, ಆದ್ದರಿಂದ ಸಂಗ್ರಹಿಸುವವರು ಪೂರ್ತಿ ಸರಣಿ ಒಟ್ಟಿಗೆ ಸಿಗುವಾಗಲೇ ಕೊಳ್ಳಲಿ. ಓದಲಿಕ್ಕೆ ಮಾತ್ರ ಬೇಕಾದವರು ಈ ಚಿಂತೆ ಬಿಡಿ.

ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ಪೇಪರ್‌ಬ್ಯಾಕಿನ ಬೆನ್ನಿಗೆ ಹಾಕುವುದು ಬಿಸಿಗೆ ಮೆತ್ತಗಾಗುವ ಅಂಟು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಹಾಳೆ ಕಳಚುತ್ತವೆ. ಮಳೆಗಾಲದಲ್ಲಿ ಮುಖಪುಟ ಹೊರಕ್ಕೆ ಮುರುಟಿದರೆ ಪುಸ್ತಕ ಕೆಟ್ಟಿತೆಂದು ಗಾಬರಿಯಾಗಬೇಡಿ. ಒಳಗಿನ ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಪ್ಲಾಸ್ಟಿಕ್ ಪದರ ಹಿಗ್ಗುವುದಿಲ್ಲ, ಅಷ್ಟೇ. ಸಾಲಿನಲ್ಲಿ ಬಿಗಿಯಾಗಿ ನಿಲ್ಲಿಸಿಟ್ಟರೆ ಸರಿಹೋಗುತ್ತದೆ.

ರಸ್ತೆ ಬದಿಯಲ್ಲಿ ತೀರಾ ಅಗ್ಗಕ್ಕೆ ಸಿಗುವ ಜನಪ್ರಿಯ ಕಾದಂಬರಿ ಬಹುಪಾಲು ಕಳ್ಳ ಮುದ್ರಣ. ಮುಖಪುಟವೇ ಅದನ್ನು ಹಿಡಿದುಕೊಡುತ್ತದೆ. ಚಿನ್ನದ ಹಾಳೆ ಒತ್ತಬೇಕಾದ ಕಡೆ ಹಳದಿ ಬಣ್ಣ ಬಳಿದಿರುತ್ತದೆ, ಉಬ್ಬಿರಬೇಕಾದ ಅಕ್ಷರ ಚಪ್ಪಟೆ, ಬೆನ್ನಿನ ಮೇಲಿನ ಹೆಸರು ಒಂದು ಕಡೆಗೆ ಜಾರಿರುತ್ತದೆ. ಒಳಗೆ ಹಿಂದಿನ ಪುಟದ ಅಕ್ಷರ ಇತ್ತ ಕಾಣುತ್ತದೆ.

ವಿದೇಶಿ ಮುಖಪುಟಗಳನ್ನು ಕೈಯಲ್ಲಿ ಹಿಡಿದೇ ಆರಿಸಬೇಕು ಎನ್ನುವವರಿಗೆ ಹೈದರಾಬಾದಿನ ಅಬಿಡ್ಸ್ ರಸ್ತೆಯ ಭಾನುವಾರದ ಹಳೆ ಪುಸ್ತಕದ ಸಂತೆ ಇದೆ, ಬೆಳಗಿನ ರೈಲಿಗೆ ಹೋಗಿ ಸಂಜೆಗೆ ಬರಬಹುದು. ಅಮೆರಿಕದ ಗ್ರಂಥಾಲಯಗಳು ಹೊರಹಾಕಿದ ಗಟ್ಟಿರಟ್ಟಿನ ಪ್ರತಿಗಳು ಪ್ಲಾಸ್ಟಿಕ್ ಜಾಕೆಟ್ ಸಮೇತ ಇಂಥ ಸಂತೆಗಳಲ್ಲಿ ಸಿಗುತ್ತವೆ. ಒಳಗೆ ಯಾವುದೋ ಊರಿನ ಗ್ರಂಥಾಲಯದ ಮುದ್ರೆ ಇರುತ್ತದೆ. ಸಂಗ್ರಾಹಕರಿಗೆ ಅದು ದೋಷ, ಮಕ್ಕಳಿಗೆ ಮಜಾ. ಜಾಕೆಟ್ ಬಿಚ್ಚಿ ಕೆಳಗಿನ ರಟ್ಟನ್ನೂ ನೋಡಿ, ಗೆದ್ದಲು ಇದ್ದರೆ ಅಲ್ಲಿ ಇರುತ್ತದೆ.

ತಂದ ಮೇಲೆ ಶಾಲೆಯ ನೋಟುಬುಕ್ಕಿಗೆ ಹಾಕುವ ಖಾಕಿ ಬೈಂಡ್ ಇದಕ್ಕೆ ಹಾಕಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಶೀಟು ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಟೇಪನ್ನು ಶೀಟಿಗೆ ಶೀಟು ಸೇರುವಲ್ಲಿ ಮಾತ್ರ ಅಂಟಿಸಿ, ಮುಖಪುಟಕ್ಕೆ ತಾಗಿಸಬೇಡಿ. ಎರಡು ಬೇಸಿಗೆ ಕಳೆದರೆ ಟೇಪಿನ ಅಂಟು ಹಳದಿಗೆ ತಿರುಗಿ ಚಿತ್ರದ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ.